ಒಂದೇ ಹೆಸರು, ಹಲವು ಯುದ್ಧನೌಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನೌಕಾಪಡೆಗಳು ಹಳೆಯ ಹೆಸರನ್ನೇ ಮತ್ತೆ ಮತ್ತೆ ಏಕೆ ಇಡುತ್ತವೆ?

ಯುದ್ಧನೌಕೆ ಸಾಮಾನ್ಯವಾಗಿ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಹೆಸರಿಗೆ ಆ ಮಿತಿಯಿಲ್ಲ. ಹೆಸರು ಮಾಡಿದ ಹಡಗು ಗುಜರಿಗೆ ಹೋದರೂ ಮುಳುಗಿದರೂ ನೌಕಾಪಡೆ ಆ ಹೆಸರನ್ನು ಕೈಬಿಡಲು ಒಪ್ಪುವುದಿಲ್ಲ. ಹೊಸ ಹಡಗಿಗೆ ಬಂದ ನಾವಿಕನಿಗೆ ಮೊದಲ ದಿನವೇ ಹೇಳಿಕೊಳ್ಳಲು ಒಂದು ಇತಿಹಾಸ ಸಿಗುತ್ತದೆ.

1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ತೈಲ ತೊಟ್ಟಿಗಳ ಮೇಲೆ ಗುಂಡು ಸುರಿಸಿದ ಜರ್ಮನ್ ಕ್ರೂಸರ್ ಎಂಡೆನ್, ಅದೇ ವರ್ಷ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಕ್ರೂಸರ್ ಸಿಡ್ನಿಯ ಎದುರು ಸೋತು ನಾಶವಾಯಿತು. 1916ರಲ್ಲಿ ಜರ್ಮನಿ ಇನ್ನೊಂದು ಎಂಡೆನ್ ಕಟ್ಟಿತು, 1925ರಲ್ಲಿ ಮೂರನೆಯದನ್ನು ನೀರಿಗಿಳಿಸಿತು, ಎರಡನೇ ಮಹಾಯುದ್ಧದ ನಂತರ ಎರಡು ಫ್ರಿಗೇಟ್‌ಗಳಿಗೂ ಅದೇ ಹೆಸರಿಟ್ಟಿತು. ಗೆದ್ದ ಸಿಡ್ನಿಯ ಹೆಸರಿನದೂ ಅದೇ ಕಥೆ. ಎರಡನೆಯ ಸಿಡ್ನಿ 1941ರ ನವೆಂಬರ್ 19ರಂದು ತನ್ನಲ್ಲಿದ್ದ ಎಲ್ಲ 645 ಜನರೊಂದಿಗೆ ಮುಳುಗಿತು. ಆಮೇಲೆ ಒಂದು ವಿಮಾನವಾಹಕ, ಒಂದು ಫ್ರಿಗೇಟ್, 2020ರಲ್ಲಿ ಒಂದು ಡೆಸ್ಟ್ರಾಯರ್ ಅದೇ ಹೆಸರು ಹೊತ್ತು ಬಂದವು.

ಒಂದೇ ಕಾಲದಲ್ಲಿ ಎರಡು ಹಡಗಿಗೆ ಒಂದೇ ಹೆಸರು ಇರಬಹುದೇ?

ಒಂದೇ ನೌಕಾಪಡೆಯೊಳಗೆ ಇರುವುದಿಲ್ಲ. ಸಂಕೇತ, ಟಪಾಲು, ಸಾಮಗ್ರಿ ಸರಬರಾಜು ಎಲ್ಲವೂ ಹೆಸರಿನ ಮೇಲೆ ನಡೆಯುವುದರಿಂದ ಒಂದು ಹೆಸರು ಒಂದೇ ಹಡಗಿಗೆ ಎಂಬುದು ಕಟ್ಟುನಿಟ್ಟು. ಹೊಸದಕ್ಕೆ ಆ ಹೆಸರು ಬೇಕಾದರೆ ಹಳೆಯದರ ಹೆಸರನ್ನೇ ಬದಲಿಸುತ್ತಾರೆ. ಬ್ರಿಟನ್ನಿನ 1914ರ ಆರ್ಕ್ ರಾಯಲ್ 1934ರಲ್ಲಿ ಪೆಗಾಸಸ್ ಆದದ್ದು, ಮುಂದೆ ಕಟ್ಟಲಿದ್ದ ವಿಮಾನವಾಹಕಕ್ಕೆ ಆ ಹೆಸರನ್ನು ಬಿಟ್ಟುಕೊಡಲು. ಅಮೆರಿಕದ ಪ್ರಸಿದ್ಧ ಹಾಯಿಹಡಗು ಕಾನ್‌ಸ್ಟಿಟ್ಯೂಷನ್ ಕೂಡ 1917ರಿಂದ 1925ರವರೆಗೆ ‘ಓಲ್ಡ್ ಕಾನ್‌ಸ್ಟಿಟ್ಯೂಷನ್’ ಆಗಿತ್ತು. ಹೊಸ ಬ್ಯಾಟಲ್‌ಕ್ರೂಸರ್‌ಗೆಂದು ಹೆಸರನ್ನು ತೆಗೆದಿಟ್ಟಿದ್ದರು. ಆ ಹಡಗಿನ ಕೆಲಸವೇ ರದ್ದಾದಾಗ ಹೆಸರು ಹಳಬನಿಗೇ ವಾಪಸು ಬಂತು.

ಬೇರೆ ಬೇರೆ ದೇಶಗಳ ನಡುವೆ ಇಂಥ ನಿಯಮವಿಲ್ಲ. 1805ರ ಅಕ್ಟೋಬರ್ 21ರ ಟ್ರಫಾಲ್ಗರ್ ಕದನವನ್ನು ಓದುವಾಗ ತಲೆ ತಿರುಗುವುದು ಇದಕ್ಕೇ. ಅಲ್ಲಿ ಬ್ರಿಟನ್ನಿನ ನೆಪ್ಚೂನ್, ಫ್ರಾನ್ಸಿನ ನೆಪ್ಚೂನ್, ಸ್ಪೇನಿನ ನೆಪ್ಚೂನೋ ಮೂರೂ ಇದ್ದವು. ಅದಕ್ಕಿಂತ ವಿಚಿತ್ರ ಸ್ವಿಫ್ಟ್‌ಶೂರ್‌ನದು. 1801ರಲ್ಲಿ ಫ್ರೆಂಚರು ಬ್ರಿಟಿಷರಿಂದ ಸ್ವಿಫ್ಟ್‌ಶೂರ್ ಎಂಬ ಹಡಗನ್ನು ಹಿಡಿದು ಅದೇ ಹೆಸರಲ್ಲಿ ಬಳಸುತ್ತಿದ್ದರು, ಇತ್ತ ಬ್ರಿಟಿಷರು 1804ರಲ್ಲಿ ಹೊಸ ಸ್ವಿಫ್ಟ್‌ಶೂರ್ ಕಟ್ಟಿಕೊಂಡಿದ್ದರು. ಟ್ರಫಾಲ್ಗರ್‌ನಲ್ಲಿ ಎರಡೂ ಎದುರು ಬದುರು ಬಂದವು. ಬ್ರಿಟಿಷರು ತಮ್ಮ ಹಳೆಯ ಹಡಗನ್ನು ಮರಳಿ ಗೆದ್ದರೂ ಹಳೆಯ ಹೆಸರು ಕೊಡುವಂತಿರಲಿಲ್ಲ. ಅದು ಇರ್‌ರೆಸಿಸ್ಟಿಬಲ್ ಆಯಿತು.

ಇಂದಿನ ಉದಾಹರಣೆ ಬೇಕಾದರೆ ಕ್ಯಾನ್‌ಬೆರಾ. 1942ರ ಆಗಸ್ಟ್ 9ರಂದು ಸಾವೋ ದ್ವೀಪದ ಬಳಿ ಕಳೆದುಕೊಂಡ ಆಸ್ಟ್ರೇಲಿಯಾದ ಕ್ರೂಸರ್ ಕ್ಯಾನ್‌ಬೆರಾದ ಗೌರವಕ್ಕೆ ಅಮೆರಿಕ ತನ್ನದೊಂದು ಕ್ರೂಸರ್‌ಗೆ ಆ ಹೆಸರಿಟ್ಟಿತು. 2023ರಲ್ಲಿ ಎರಡನೆಯ ಯುಎಸ್‌ಎಸ್ ಕ್ಯಾನ್‌ಬೆರಾ ಸಿಡ್ನಿಯಲ್ಲೇ ಸೇವೆಗೆ ಸೇರಿತು. ಆಸ್ಟ್ರೇಲಿಯಾದ ಸ್ವಂತ ಎಚ್‌ಎಂಎಎಸ್ ಕ್ಯಾನ್‌ಬೆರಾ ಆಗಲೂ ಸೇವೆಯಲ್ಲಿತ್ತು.

ಹಾಗಾದರೆ ಬರೆಯುವಾಗ ಯಾವ ಹಡಗೆಂದು ಹೇಗೆ ಸೂಚಿಸಬೇಕು?

ನಾಲ್ಕು ಸಂಗತಿ ಕೊಟ್ಟರೆ ಗೊಂದಲ ಉಳಿಯದು: ಹೆಸರಿಗೆ ಮೊದಲು ಬರುವ ಐಎನ್‌ಎಸ್ (ಭಾರತ), ಎಚ್‌ಎಂಎಸ್ (ಬ್ರಿಟನ್) ಇಂಥ ಪೂರ್ವಾಕ್ಷರ, ಹೆಸರು, ಹಡಗಿನ ಬದಿಯಲ್ಲಿ ಬರೆದಿರುವ ಪೆನೆಂಟ್ ಸಂಖ್ಯೆ, ಇಸವಿ. ‘ಐಎನ್‌ಎಸ್ ಮೈಸೂರು, ಡಿ60, 1999’ ಎಂದರೆ ಮುಗಿಯಿತು. ಹಾಯಿಹಡಗುಗಳ ಕಾಲದವಕ್ಕೆ ಪೆನೆಂಟ್ ಸಂಖ್ಯೆ ಇಲ್ಲ. ಅಲ್ಲಿ ನೀರಿಗಿಳಿದ ಇಸವಿ ಮತ್ತು ತೋಪುಗಳ ಸಂಖ್ಯೆ ಕೊಡುವುದು ರೂಢಿ.

‘ಎರಡನೆಯ’, ‘ಐದನೆಯ’ ಎಂದು ಎಣಿಸಿ ಬರೆಯುವುದನ್ನು ನಾವು ಸಲಹೆ ಮಾಡುವುದಿಲ್ಲ. ಎಣಿಕೆ ಒಬ್ಬೊಬ್ಬರದು ಒಂದೊಂದು. ಭಾರತದ ಗೋದಾವರಿಯನ್ನೇ ನೋಡಿ. ಎರಡನೇ ಮಹಾಯುದ್ಧದ ಎಚ್‌ಎಂಐಎಸ್ (ಗಣರಾಜ್ಯವಾಗುವ ಮೊದಲಿನ ಭಾರತದ ಪೂರ್ವಾಕ್ಷರ) ಗೋದಾವರಿಯನ್ನು ಲೆಕ್ಕಕ್ಕೆ ಹಿಡಿದರೆ 1983ರ ಫ್ರಿಗೇಟ್ ಮೂರನೆಯದು, 1950ರ ನಂತರದ ಐಎನ್‌ಎಸ್‌ಗಳನ್ನಷ್ಟೇ ಎಣಿಸಿದರೆ ಎರಡನೆಯದು.

ಪೆನೆಂಟ್ ಸಂಖ್ಯೆ ಇದ್ದ ಮೇಲೆ ಇಸವಿ ಏಕೆ ಬೇಕು?

ಹೆಸರಿನ ಜೊತೆ ಸಂಖ್ಯೆಯನ್ನೂ ಮರಳಿ ಕೊಡುವುದುಂಟು. ಹೆಚ್ಚಿನವರು ಎಡವುವುದು ಇಲ್ಲೇ.

1961ರ ವಿಕ್ರಾಂತ್ ಆರ್11, 2022ರ ವಿಕ್ರಾಂತ್ ಕೂಡ ಆರ್11. 1958ರ ಬ್ರಹ್ಮಪುತ್ರ ಎಫ್31, 2000ದ ಬ್ರಹ್ಮಪುತ್ರವೂ ಎಫ್31. 1972ರ ನೀಲಗಿರಿ ಮತ್ತು 2025ರ ನೀಲಗಿರಿ ಎರಡೂ ಎಫ್33. ಕೆಲವೊಮ್ಮೆ ಒಂದು ಅಂಕಿ ಮಾತ್ರ ಕಳಚಿಕೊಳ್ಳುತ್ತದೆ: ಹಳೆಯ ತಲ್ವಾರ್ ಎಫ್140, ಹೊಸದು ಎಫ್40; ಹಳೆಯ ತ್ರಿಶೂಲ್ ಎಫ್143, ಹೊಸದು ಎಫ್43. ಮಸುಕಾದ ಫೋಟೋದಲ್ಲಿ ಆ ಒಂದು ಅಂಕಿ ಕಾಣದೇ ಹೋಗಬಹುದು.

ಜಲಾಂತರ್ಗಾಮಿಗಳಲ್ಲಿ ಇನ್ನೂ ಜಟಿಲ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ಬಂದವುಗಳಲ್ಲಿ ಕಲ್ವರಿ ಎಸ್23, ಖಂಡೇರಿ ಎಸ್22, ಕರಂಜ್ ಎಸ್21. ಈಗಿನ ಸ್ಕಾರ್ಪೀನ್ ಮಾದರಿಯವುಗಳಲ್ಲಿ ಕಲ್ವರಿ ಎಸ್21, ಖಂಡೇರಿ ಎಸ್22, ಕರಂಜ್ ಎಸ್23. ಖಂಡೇರಿಯದು ಹಾಗೇ ಉಳಿದಿದೆ, ಉಳಿದೆರಡು ಅದಲು ಬದಲಾಗಿವೆ. ಎಸ್21 ಎಂದಷ್ಟೇ ಬರೆದ ಚಿತ್ರಶೀರ್ಷಿಕೆಯಿಂದ ಹಡಗನ್ನು ಗುರುತಿಸಲು ಹೊರಟರೆ ದಶಕಗಳಷ್ಟೇ ಅಲ್ಲ, ಹೆಸರೂ ತಪ್ಪುತ್ತದೆ.

ಇಸವಿ ಎಂದರೆ ಯಾವುದು? ಒಂದೊಂದು ಕಡೆ ಒಂದೊಂದು ಇದೆಯಲ್ಲ?

ಹಡಗಿಗೆ ಕನಿಷ್ಠ ಮೂರು ಜನ್ಮದಿನಗಳಿರುತ್ತವೆ: ಅಡಿಗಟ್ಟು ಇಟ್ಟ ದಿನ, ನೀರಿಗಿಳಿಸಿದ ದಿನ, ಸೇವೆಗೆ ಸೇರಿದ ದಿನ. ಈಗಿನ ವಿಕ್ರಾಂತ್‌ಗೆ ಇವು ಕ್ರಮವಾಗಿ 2009ರ ಫೆಬ್ರವರಿ 28, 2013ರ ಆಗಸ್ಟ್ 12, 2022ರ ಸೆಪ್ಟೆಂಬರ್ 2. ಹಳೆಯ ವಿಕ್ರಾಂತ್‌ನ ಅಂತರ ಇನ್ನೂ ದೊಡ್ಡದು. ಅದು 1945ರ ಸೆಪ್ಟೆಂಬರ್ 22ರಂದು ಎಚ್‌ಎಂಎಸ್ ಹರ್ಕ್ಯುಲಿಸ್ ಆಗಿ ನೀರಿಗಿಳಿಯಿತು, ಯುದ್ಧ ಮುಗಿದದ್ದರಿಂದ ಅರ್ಧಕ್ಕೇ ನಿಂತಿತು, 1957ರಲ್ಲಿ ಭಾರತ ಕೊಂಡಿತು, 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ವಿಕ್ರಾಂತ್ ಎಂದು ಸೇವೆಗೆ ಸೇರಿತು.

ನಮ್ಮ ರೂಢಿ ಹೀಗೆ: ಯಾವ ಯುದ್ಧದಲ್ಲಿ ಇತ್ತು, ಯಾರು ಅದರಲ್ಲಿ ಕೆಲಸ ಮಾಡಿದರು ಎಂಬ ಮಾತಿದ್ದರೆ ಸೇವೆಗೆ ಸೇರಿದ ಇಸವಿ, ವಿನ್ಯಾಸ, ಹಡಗುಕಟ್ಟೆಯ ಮಾತಿದ್ದರೆ ನೀರಿಗಿಳಿದ ಇಸವಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಿದರೆ ಓದುಗರು ಒಂದೇ ಹಡಗನ್ನು ಎರಡೆಂದು ತಿಳಿಯುತ್ತಾರೆ.

ಫೋಟೋದಲ್ಲಿ ಇರುವುದು ಹಳೆಯ ವಿಕ್ರಾಂತೋ ಹೊಸದೋ?

ಆರ್11 ಎಂಬ ಬರಹ ನೆರವಾಗದು. ಮುಂಭಾಗದಲ್ಲಿ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಇದ್ದರೆ ಹೊಸದು ಎನ್ನುವವರಿದ್ದಾರೆ, ಅದೂ ಸರಿಯಲ್ಲ. 1961ರಲ್ಲಿ ಹಳೆಯ ಹಡಗಿಗೆ ವಿಮಾನವನ್ನು ಚಿಮ್ಮಿಸುವ ಉಗಿಯ ಕವಣೆ ಇತ್ತು, ಸ್ಕೀ ಜಂಪ್ ಇರಲಿಲ್ಲ. ಸೀ ಹ್ಯಾರಿಯರ್‌ಗಳು ಬಂದ ಮೇಲೆ 1980ರ ದಶಕದ ಕೊನೆಯಲ್ಲಿ ಅದಕ್ಕೂ ಕಟ್ಟಿದರು.

ಮೊದಲು ಅಟ್ಟದ ಮೇಲಿನ ವಿಮಾನ ನೋಡಿ. ಸೀ ಹಾಕ್ ಅಥವಾ ಪ್ರೊಪೆಲ್ಲರ್‌ನ ಅಲೀಝೆ ಇದ್ದರೆ ಹಳೆಯದು, ಸೀ ಹ್ಯಾರಿಯರ್ ಇದ್ದರೂ ಹಳೆಯದೇ. ಎರಡು ಬಾಲರೆಕ್ಕೆಯ ಮಿಗ್-29ಕೆ ಇದ್ದರೆ ಹೊಸದು. ವಿಮಾನವಿಲ್ಲದಿದ್ದರೆ ಬಲಬದಿಯ ಗೋಪುರ ನೋಡಿ. ಹೊಸದರಲ್ಲಿ ಅದು ನುಣುಪಾದ ಗೋಡೆಗಳ ದೊಡ್ಡ ಕಟ್ಟಡ, ಗೋಡೆಯಲ್ಲೇ ಚಪ್ಪಟೆ ರಾಡಾರ್ ಹಲಗೆಗಳು. ಹಳೆಯದರಲ್ಲಿ ತಂತಿ, ಕಂಬ, ಸುತ್ತುವ ಆಂಟೆನಾಗಳ ಸಂತೆ. ಗಾತ್ರವೂ ಸುಳಿವು: ಹೊಸದು 262 ಮೀಟರ್ ಉದ್ದ, ಹಳೆಯದು ಸುಮಾರು 213. ಪಕ್ಕದಲ್ಲಿ ಮನುಷ್ಯರೋ ಟಗ್ ದೋಣಿಯೋ ಇದ್ದರೆ ಅಂದಾಜು ಮಾಡಬಹುದು.

ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿ ಕಟ್ಟಿಹಾಕಿದ್ದ ಹಡಗಿನ ಚಿತ್ರವಾದರೆ ಯೋಚನೆಯೇ ಬೇಡ. ಅದು 1997ರ ಜನವರಿ 31ರಂದು ನಿವೃತ್ತವಾದ ಹಳೆಯದು, 2014ರಲ್ಲಿ ಒಡೆಯಲ್ಪಟ್ಟಿತು.

ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ಡೆಲ್ಲಿ: ಎರಡೆರಡು ಇವೆಯೇ?

ಹೌದು. ಮೊದಲ ಮೈಸೂರು ಬ್ರಿಟನ್ನಿನ ಕ್ರೂಸರ್ ಎಚ್‌ಎಂಎಸ್ ನೈಜೀರಿಯಾ. 1957ರ ಆಗಸ್ಟ್ 29ರಂದು ಸಿ60 ಸಂಖ್ಯೆಯೊಂದಿಗೆ ಭಾರತದ ಸೇವೆಗೆ ಬಂತು, 1985ರ ಆಗಸ್ಟ್‌ನಲ್ಲಿ ನಿವೃತ್ತವಾಯಿತು. ಮೂರು ಮೂರು ನಳಿಗೆಗಳ ಮೂರು ಗೋಪುರಗಳಲ್ಲಿ ಒಂಬತ್ತು 6 ಇಂಚಿನ ತೋಪುಗಳಿದ್ದರೆ ಅದು ಇದೇ. ಈಗಿನ ಡಿ60, 1999ರ ಜೂನ್ 2ರಂದು ಸೇರಿದ ಡೆಸ್ಟ್ರಾಯರ್. ಮುಂದೆ ಒಂದೇ ನಳಿಗೆಯ ತೋಪು, ಹಿಂದೆ ಹೆಲಿಕಾಪ್ಟರ್ ಅಟ್ಟ. ಲಾಂಛನದಲ್ಲಿ ಮೈಸೂರು ಸಂಸ್ಥಾನದ ಗಂಡಭೇರುಂಡ, ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’.

ಮೊದಲ ಡೆಲ್ಲಿಗೆ ಪೂರ್ವಾಶ್ರಮದಲ್ಲೂ ಕೀರ್ತಿಯಿತ್ತು. 1939ರ ಡಿಸೆಂಬರ್‌ನ ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ಗ್ರಾಫ್ ಸ್ಪೇ ವಿರುದ್ಧ ಹೋರಾಡಿದ ಅಕಿಲಿಸ್ ಅದೇ. 1948ರ ಜುಲೈ 5ರಂದು ಎಚ್‌ಎಂಐಎಸ್ ಡೆಲ್ಲಿ ಆಯಿತು, 1950ರ ನಂತರ ಐಎನ್‌ಎಸ್. 1978ರಲ್ಲಿ ನಿವೃತ್ತಿ. ಈಗಿನ ಡಿ61 ಸೇರಿದ್ದು 1997ರ ನವೆಂಬರ್ 15ರಂದು.

ದೀವ್‌ನಲ್ಲಿ ಇರುವ ಖುಕ್ರಿ 1971ರಲ್ಲಿ ಮುಳುಗಿದ ಹಡಗೇ?

ಅಲ್ಲ. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹೊಡೆದ ಫ್ರಿಗೇಟ್ ಖುಕ್ರಿ, ಎಫ್149, ದೀವ್‌ನಿಂದಾಚೆ ಸಮುದ್ರದ ತಳದಲ್ಲೇ ಇದೆ. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳೂ 176 ನಾವಿಕರೂ ಅದರೊಂದಿಗೆ ಹೋದರು. ದೀವ್‌ಗೆ ಒಪ್ಪಿಸಿರುವುದು ಅದರ ಹೆಸರು ಹೊತ್ತ ಕಾರ್ವೆಟ್ ಪಿ49. 1989ರ ಆಗಸ್ಟ್ 23ರಂದು ಸೇರಿ 2021ರ ಡಿಸೆಂಬರ್ 23ರಂದು ನಿವೃತ್ತವಾದದ್ದು. ಎರಡನ್ನೂ ಒಂದೇ ಎಂದು ಬರೆದ ಪ್ರವಾಸಿ ಬರಹಗಳು ಬೇಕಾದಷ್ಟಿವೆ.

1942ರಲ್ಲಿ ಮುಳುಗಿದ ಲೆಕ್ಸಿಂಗ್ಟನ್ 1943ರಲ್ಲಿ ಹೇಗೆ ಕಾದಾಡಿತು?

ಅದು ಬೇರೆ ಹಡಗು. ಅಮೆರಿಕ 1942ರಲ್ಲಿ ಕಳೆದುಕೊಂಡ ನಾಲ್ಕು ದೊಡ್ಡ ವಿಮಾನವಾಹಕಗಳ ಹೆಸರನ್ನೂ ಆಗಲೇ ಕಟ್ಟುತ್ತಿದ್ದ ಎಸೆಕ್ಸ್ ವರ್ಗದ ಹಡಗುಗಳಿಗೆ ವರ್ಗಾಯಿಸಿತು. ಲೆಕ್ಸಿಂಗ್ಟನ್ ಸಿವಿ-2 (ಸಿವಿ ಎಂದರೆ ಅಮೆರಿಕದ ವಿಮಾನವಾಹಕಗಳ ಕ್ರಮಸಂಖ್ಯೆಯ ಗುರುತು) ಮೇ 8ರಂದು ಕೋರಲ್ ಸಮುದ್ರದಲ್ಲಿ ಹೋಯಿತು. ಕ್ಯಾಬಟ್ ಆಗಬೇಕಿದ್ದ ಸಿವಿ-16 ಜೂನ್‌ನಲ್ಲಿ ಲೆಕ್ಸಿಂಗ್ಟನ್ ಆಯಿತು. ಮಿಡ್‌ವೇಯಲ್ಲಿ ಹೋದ ಯಾರ್ಕ್‌ಟೌನ್ ಹೆಸರು ಬಾನ್‌ ಓಮ್‌ ರಿಚರ್ಡ್ ಆಗಬೇಕಿದ್ದ ಸಿವಿ-10ಕ್ಕೆ ಬಂತು. ವಾಸ್ಪ್ ಹೆಸರು ಒರಿಸ್ಕನಿಯಾಗಬೇಕಿದ್ದ ಸಿವಿ-18ಕ್ಕೆ, ಹಾರ್ನೆಟ್ ಹೆಸರು ಕಿಯರ್‌ಸಾರ್ಜ್ ಆಗಬೇಕಿದ್ದ ಸಿವಿ-12ಕ್ಕೆ.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಹೀಗೆ ಬಿಡುವಾದ ಕ್ಯಾಬಟ್, ಕಿಯರ್‌ಸಾರ್ಜ್, ಒರಿಸ್ಕನಿ, ಬಾನ್‌ ಓಮ್‌ ರಿಚರ್ಡ್ ಎಂಬ ಹೆಸರುಗಳು ಆಮೇಲೆ ಇನ್ನೂ ನಾಲ್ಕು ವಿಮಾನವಾಹಕಗಳಿಗೆ ಹೋದವು. 1942ರ ಮೊದಲಾರ್ಧದ ಹಡಗುಕಟ್ಟೆಯ ಕಾಗದದಲ್ಲಿ ಕಿಯರ್‌ಸಾರ್ಜ್ ಎಂದಿದ್ದರೆ ಅದು ನಂತರದ ಹಾರ್ನೆಟ್. ಯುದ್ಧ ಮುಗಿದ ಮೇಲಿನದರಲ್ಲಿ ಕಿಯರ್‌ಸಾರ್ಜ್ ಎಂದಿದ್ದರೆ ಸಿವಿ-33. ಕಾಗದದ ತಾರೀಖು ನೋಡದೆ ಹೆಸರನ್ನು ನಂಬಬೇಡಿ.

ಒಂದು ಹಡಗಿಗೆ ಹಲವು ಹೆಸರು, ಒಂದು ಹೆಸರಿಗೆ ಹಲವು ಹಡಗು: ಎರಡೂ ಸೇರಿದರೆ?

ಆಗ ಪಟ್ಟಿ ಬರೆದುಕೊಳ್ಳದೆ ಗತಿಯಿಲ್ಲ. ಲುಟ್ಸೋವ್ ಎಂಬ ಜರ್ಮನ್ ಹೆಸರು ಒಳ್ಳೆಯ ಪರೀಕ್ಷೆ. ಮೊದಲನೆಯದು 1916ರ ಜಟ್‌ಲ್ಯಾಂಡ್ ಕದನದಲ್ಲಿ ಹೋದ ಬ್ಯಾಟಲ್‌ಕ್ರೂಸರ್. ಎರಡನೆಯದು 1940ರಲ್ಲಿ ಅಪೂರ್ಣ ಸ್ಥಿತಿಯಲ್ಲೇ ಸೋವಿಯತ್ ಒಕ್ಕೂಟಕ್ಕೆ ಮಾರಿದ ಭಾರೀ ಕ್ರೂಸರ್. ಅಲ್ಲಿ ಅದು ಪೆಟ್ರೊಪಾವ್ಲೊವ್‌ಸ್ಕ್ ಆಯಿತು. ಮೂರನೆಯದು ಹೊಸ ಹಡಗೇ ಅಲ್ಲ, ಅದುವರೆಗೆ ಡಾಯ್ಚ್‌ಲಾಂಡ್ ಎನಿಸಿಕೊಂಡಿದ್ದ ಹಡಗು. ದೇಶದ ಹೆಸರಿನ ಹಡಗು ಮುಳುಗಿದರೆ ಶತ್ರುವಿನ ಪ್ರಚಾರಕ್ಕೆ ಹಬ್ಬವಾಗುತ್ತದೆಂದು ಹಿಟ್ಲರನ ಸರ್ಕಾರ ಹೆಸರು ಬದಲಿಸಿತು. 1940ರ ‘ಲುಟ್ಸೋವ್’ ಎಂಬ ಉಲ್ಲೇಖ ಹೀಗೆ ಎರಡು ಹಡಗುಗಳಲ್ಲಿ ಯಾವುದೂ ಆಗಿರಬಹುದು.

ನಮಗೆ ಹತ್ತಿರದ್ದು ಅಡ್ಮಿರಲ್ ಗೋರ್ಷ್ಕೋವ್. ಬಾಕು ಎಂದು ಹುಟ್ಟಿ, 1991ರಲ್ಲಿ ಅಡ್ಮಿರಲ್ ಗೋರ್ಷ್ಕೋವ್ ಆಗಿ, 2013ರ ನವೆಂಬರ್ 16ರಂದು ಐಎನ್‌ಎಸ್ ವಿಕ್ರಮಾದಿತ್ಯವಾದ ವಿಮಾನವಾಹಕ ಒಂದು. ರಷ್ಯಾ 2018ರಲ್ಲಿ ಸೇವೆಗೆ ಸೇರಿಸಿದ ಅಡ್ಮಿರಲ್ ಗೋರ್ಷ್ಕೋವ್ ಇನ್ನೊಂದು, ಅದು ಫ್ರಿಗೇಟ್. ಇತ್ತೀಚಿನ ಸುದ್ದಿಯಲ್ಲಿ ಆ ಹೆಸರು ಕಂಡರೆ ಫ್ರಿಗೇಟೇ.

ಹಳೆಯದನ್ನು ‘ಪುನರ್ನಿರ್ಮಿಸಿದರೆ’ ಅದು ಅದೇ ಹಡಗೇ?

ಅಮೆರಿಕದ ಕಾನ್‌ಸ್ಟಲೇಷನ್ ಈ ಪ್ರಶ್ನೆಗೆ ದಶಕಗಳ ಕಾಲ ಜಗಳ ಹುಟ್ಟಿಸಿತು. 1797ರ ಫ್ರಿಗೇಟನ್ನು 1853ರಲ್ಲಿ ಒಡೆದರು. ಅದೇ ಹಡಗುಕಟ್ಟೆಯಲ್ಲಿ 1854ರಲ್ಲಿ ಅದೇ ಹೆಸರಿನ ಹೊಸ ಹಾಯಿಹಡಗು ನೀರಿಗಿಳಿಯಿತು. ಬಾಲ್ಟಿಮೋರ್‌ನಲ್ಲಿ ಉಳಿದಿರುವ ಹಡಗು 1797ರದ್ದೇ ಎಂದು ಬಹುಕಾಲ ನಂಬಿ, ಅದಕ್ಕೆ ಹಳೆಯ ಫ್ರಿಗೇಟಿನ ವೇಷವನ್ನೂ ಹಾಕಿದ್ದರು. 1991ರಲ್ಲಿ ದಾಖಲೆ ಮತ್ತು ನಕ್ಷೆಗಳನ್ನು ಕೂಲಂಕಷವಾಗಿ ನೋಡಿದ ಮೇಲೆ ಅದು 1854ರದ್ದೆಂದು ಖಚಿತವಾಯಿತು, 1990ರ ದಶಕದಲ್ಲಿ ಮೂಲ ರೂಪಕ್ಕೆ ತಂದರು. ಒಡಲಿನ ಅಳತೆ ಬದಲಾಗಿದ್ದರೆ ಬೇರೆ ಹಡಗು ಎಂದೇ ಹಿಡಿಯಿರಿ, ಲೆಕ್ಕಪತ್ರದಲ್ಲಿ ದುರಸ್ತಿ ಎಂದು ಬರೆದಿದ್ದರೂ ಸಹ.

ಹಡಗಿನ ಗಂಟೆ ಸಿಕ್ಕಿದರೆ ಗುರುತು ಪಕ್ಕಾ ಅಲ್ಲವೇ?

ಬಲವಾದ ಸುಳಿವು, ಅಷ್ಟೇ. ಗಂಟೆಗಳು ಹಳೆಯದರಿಂದ ಹೊಸದಕ್ಕೆ ಹೋಗುತ್ತವೆ. 1941ರ ಮೇ 24ರಂದು 1,415 ಜನರೊಂದಿಗೆ ಮುಳುಗಿದ ಬ್ರಿಟನ್ನಿನ ಹುಡ್ ಹಡಗಿನ ಗಂಟೆಯನ್ನು 2015ರಲ್ಲಿ ಮೇಲೆತ್ತಿದರು. ಅದು ಮೂಲತಃ 1891ರ ಹುಡ್ ಎಂಬ ಯುದ್ಧನೌಕೆಯದು. ಆ ಹಳೆಯ ಹುಡ್ಡನ್ನು 1914ರಲ್ಲಿ ಪೋರ್ಟ್‌ಲ್ಯಾಂಡ್ ಬಂದರಿನ ಬಾಯಿಗೆ ಅಡ್ಡವಾಗಿ ಮುಳುಗಿಸಿದ್ದರು. ಗಂಟೆಯ ಮೇಲಿನ ಬರಹವನ್ನು ಪೂರ್ತಿ ಓದದೆ ಇಸವಿಯನ್ನಷ್ಟೇ ನೋಡಿದವರು ಬೇರೆ ಹಡಗನ್ನು ಹೇಳಿಬಿಡುತ್ತಾರೆ.

ಹಳೆಯ ಹಡಗಿನ ಕದನ ಗೌರವಗಳು ಹೊಸದಕ್ಕೆ ಸಿಗುತ್ತವೆಯೇ?

ದೇಶ ನೋಡಿ ಉತ್ತರ. ಬ್ರಿಟನ್ನಿನಲ್ಲಿ ಗೌರವ ಹೆಸರಿನದು. 1985ರಿಂದ 2011ರವರೆಗೆ ಸೇವೆಯಲ್ಲಿದ್ದ ಆರ್ಕ್ ರಾಯಲ್‌ನ ಗೌರವ ಫಲಕ 1588ರಲ್ಲಿ ಸ್ಪೇನಿನ ಆರ್ಮಡಾ ನೌಕಾಬಲದೊಡನೆ ನಡೆದ ಕದನದಿಂದ ಶುರುವಾಗುತ್ತಿತ್ತು. ಅಮೆರಿಕದಲ್ಲಿ ಯುದ್ಧ ನಕ್ಷತ್ರಗಳು ಆಯಾ ಹಡಗಿನವು. ಸಿವಿ-6 ಎಂಟರ್‌ಪ್ರೈಸ್ ಗಳಿಸಿದ 20 ನಕ್ಷತ್ರಗಳು 1961ರ ಸಿವಿಎನ್-65 ಎಂಟರ್‌ಪ್ರೈಸ್‌ನ ಲೆಕ್ಕಕ್ಕೆ ಬರಲಿಲ್ಲ.

ಹಡಗೇ ಅಲ್ಲದ್ದಕ್ಕೂ ಐಎನ್‌ಎಸ್ ಎನ್ನುತ್ತಾರಲ್ಲ?

ದಡದ ಮೇಲಿನ ನೌಕಾ ನೆಲೆಗಳನ್ನೂ ಹಡಗಿನಂತೆಯೇ ಸೇವೆಗೆ ಸೇರಿಸುವುದು ಬ್ರಿಟಿಷರಿಂದ ಬಂದ ರೂಢಿ. ಕಾರವಾರದ ಐಎನ್‌ಎಸ್ ಕದಂಬ, ಲೋಣಾವಳದ ಐಎನ್‌ಎಸ್ ಶಿವಾಜಿ ತೇಲುವುದಿಲ್ಲ. ಇನ್ನೊಂದು ಎಚ್ಚರಿಕೆ: ಇಸ್ರೇಲಿನ ಹಡಗುಗಳಿಗೂ ಇಂಗ್ಲಿಷ್ ಬರಹದಲ್ಲಿ ಐಎನ್‌ಎಸ್ ಎಂದೇ ಹಾಕುತ್ತಾರೆ. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಕ್ಷಿಪಣಿಗಳಿಗೆ ಬಲಿಯಾದ ಐಎನ್‌ಎಸ್ ಐಲಾಟ್ ಭಾರತದ್ದಲ್ಲ.

ಹೆಸರು ಒಂದೇ ಆದರೂ ಮೂಲ ಭಾಷೆಯಲ್ಲಿ ಬೇರೆಯಾಗಿ ಬರೆಯುವುದುಂಟೇ?

ಜಪಾನಿನಲ್ಲಿ ಉಂಟು. 1942ರ ಜೂನ್ 4ರಂದು ಮಿಡ್‌ವೇಯಲ್ಲಿ ಮುಳುಗಿದ ಕಾಗಾದ ಹೆಸರು ಚೀನೀ ಮೂಲದ ಕಾಂಜಿ ಲಿಪಿಯಲ್ಲಿತ್ತು, 2017ರಲ್ಲಿ ಸೇರಿದ ಕಾಗಾದ್ದು ಜಪಾನಿನದೇ ಉಚ್ಚಾರಾಕ್ಷರಗಳಾದ ಹಿರಾಗಾನಾದಲ್ಲಿದೆ. ಕನ್ನಡಕ್ಕೆ ಬರುವಾಗ ಈ ಭೇದ ಅಳಿಸಿಹೋಗುವುದರಿಂದ ಇಸವಿ ಸೇರಿಸಿ.

ಮುಳುಗಿದ ಹಡಗಿನ ಹೆಸರು ಅಪಶಕುನವೇ?

ನೌಕಾಪಡೆಗಳು ಹಾಗೆ ಎಣಿಸಿದಂತೆ ಕಾಣುವುದಿಲ್ಲ. ಬ್ರಿಟನ್ನಿನ ಹರ್ಮಿಸ್ 1914ರಲ್ಲಿ ಮುಳುಗಿತು, ಮುಂದಿನ ಹರ್ಮಿಸ್ 1942ರ ಏಪ್ರಿಲ್ 9ರಂದು ಸಿಂಹಳದ ಬಳಿ ಮುಳುಗಿತು. ಆದರೂ 1959ರಲ್ಲಿ ಇನ್ನೊಂದು ಹರ್ಮಿಸ್ ಬಂತು. ಅದು ಫಾಕ್‌ಲ್ಯಾಂಡ್ ಯುದ್ಧದ ಮುಂದಾಳು ಹಡಗಾಗಿ, 1987ರಲ್ಲಿ ಐಎನ್‌ಎಸ್ ವಿರಾಟ್ ಆಗಿ, 2017ರವರೆಗೆ ಬಾಳಿತು.

ಮನೆಯ ಹಿರಿಯರು ಯಾವ ಹಡಗಿನಲ್ಲಿದ್ದರೆಂದು ಪತ್ತೆಮಾಡುವುದು ಹೇಗೆ?

ಸೇವಾ ಪುಸ್ತಕದಲ್ಲಿರುವ ಹೆಸರಿಗಿಂತ ಮೊದಲು ಅದರ ಪಕ್ಕದ ತಾರೀಖುಗಳನ್ನು ಬರೆದುಕೊಳ್ಳಿ. ಆ ಹೆಸರಿನ ಎಲ್ಲ ಹಡಗುಗಳ ಸೇರ್ಪಡೆ ಮತ್ತು ನಿವೃತ್ತಿಯ ದಿನಗಳನ್ನು ಪಕ್ಕಕ್ಕಿಟ್ಟು ಹೊಂದಿಸಿ. ಗೋದಾವರಿ ಎಂದಿದ್ದು ಕಾಲ 1944 ಆದರೆ ದೇಶವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋದ ಸ್ಲೂಪ್. 1955 ಆದರೆ ಬ್ರಿಟನ್ನಿನಿಂದ ಬಂದ ಹಂಟ್ ವರ್ಗದ ಹಡಗು, ಅಂದರೆ ಹಿಂದಿನ ಬೆಡೇಲ್. 1990 ಆದರೆ 1983ರ ಫ್ರಿಗೇಟ್ ಎಫ್20. ಯಾವ ಹಡಗಿನ ಅವಧಿಗೂ ತಾರೀಖು ಹೊಂದದಿದ್ದರೆ ದಡದ ನೆಲೆ ಇರಬಹುದೇ ನೋಡಿ. ಬ್ರಿಟಿಷ್ ನೌಕಾಪಡೆಯ ದಾಖಲೆಗಳಲ್ಲಿ ಇದು ಬಹಳ ಸಾಮಾನ್ಯ. ‘ವಿಕ್ಟರಿ’ ಎಂದರೆ ಬಹುಮಟ್ಟಿಗೆ ಪೋರ್ಟ್ಸ್‌ಮತ್‌ನ ಬ್ಯಾರಕ್, ‘ಪೆಂಬ್ರೋಕ್’ ಎಂದರೆ ಚಾಥಮ್, ‘ವಿವಿಡ್’ ಎಂದರೆ ಡೆವನ್‌ಪೋರ್ಟ್. ಟ್ರಫಾಲ್ಗರ್‌ನ ಸೇನಾನಿ ನೆಲ್ಸನ್ನನ ವಿಕ್ಟರಿ ಹಡಗಿನಲ್ಲೇ ಮುತ್ತಜ್ಜ ಇದ್ದರೆಂದು ಹಿಗ್ಗುವ ಮುನ್ನ ಇದನ್ನು ನೋಡಿಕೊಳ್ಳಿ.

ನಾವಿಕನ ಟೋಪಿಯ ಪಟ್ಟಿಯಲ್ಲಿ ಹಡಗಿನ ಹೆಸರಿರುತ್ತದೆ, ಸಂಖ್ಯೆ ಇರುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಪಟ್ಟಿಗಳಲ್ಲಿ ಗೌಪ್ಯತೆಗಾಗಿ ಬರೀ ಎಚ್‌ಎಂಎಸ್ ಎಂದಿತ್ತು. ಹಾಗಾಗಿ ಫೋಟೋದ ಹಿಂಬದಿ, ಅಂಚೆ ಮುದ್ರೆಯ ತಾರೀಖು, ಹಿನ್ನೆಲೆಯಲ್ಲಿ ಕಾಣುವ ತೋಪಿನ ಗೋಪುರದ ನಳಿಗೆಗಳ ಸಂಖ್ಯೆ ಇವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಹಳೆಯ ಹಡಗು ವಸ್ತುಸಂಗ್ರಹಾಲಯವಾಗಿ ಉಳಿದಿರುವಾಗಲೇ ಹೊಸದಕ್ಕೆ ಅದೇ ಹೆಸರಿಟ್ಟರೆ?

ಲಂಡನ್ನಿನ ಥೇಮ್ಸ್ ನದಿಯಲ್ಲಿರುವ ಕ್ರೂಸರ್ ಬೆಲ್‌ಫಾಸ್ಟ್‌ಗೆ ಈ ಪ್ರಸಂಗ ಬಂದಿದೆ. ಬ್ರಿಟನ್ ತನ್ನ ಟೈಪ್ 26 ಫ್ರಿಗೇಟ್‌ಗಳಲ್ಲಿ ಒಂದಕ್ಕೆ ಬೆಲ್‌ಫಾಸ್ಟ್ ಎಂಬ ಹೆಸರನ್ನು 2017ರಲ್ಲಿ ಪ್ರಕಟಿಸಿತು. ಅದಕ್ಕೆ ಕಂಡುಕೊಂಡ ಉಪಾಯ ಹಳೆಯದನ್ನು ‘ಎಚ್‌ಎಂಎಸ್ ಬೆಲ್‌ಫಾಸ್ಟ್ (1938)’ ಎಂದು ಕರೆಯುವುದು. ಆವರಣದಲ್ಲಿರುವುದು ಅದು ನೀರಿಗಿಳಿದ ಇಸವಿ, ಸೇವೆಗೆ ಸೇರಿದ್ದು 1939ರಲ್ಲಿ.